ಉಳಿಸಿದ ಎರಡು ವರ್ಷ ಯಾರದು?

2023ರ ಪಾಸ್ಖ ಹಬ್ಬದ ಬಳಿಕ ಮೂರು ತಿಂಗಳ ಕಾಲ ಅಮೆರಿಕದ ಮಿನ್ನೆಸೋಟಾ ರಾಜ್ಯದ ಒಂದು ಧರ್ಮಕೇಂದ್ರದಲ್ಲಿ, ರಜೆಯ ಮೇಲೆ ತೆರಳಿದ್ದ ಅಲ್ಲಿನ ಗುರುಗಳ ಬದಲಿಗೆ ಸೇವೆ ಸಲ್ಲಿಸುವ ಅವಕಾಶ ನನಗೆ ಒದಗಿತ್ತು. ಚಿಕ್ಕಮಗಳೂರಿನ ಕಾಫಿ ಸೀಮೆಯಿಂದ ಹೋಗಿ ಅಲ್ಲಿ ನೆಲೆಸಿದ ಒಂದು ಕುಟುಂಬ ಪ್ರತಿ ಭಾನುವಾರ ತಪ್ಪದೆ ಬಲಿಪೂಜೆಗೆ ಬರುತ್ತಿತ್ತು. ಕನ್ನಡ ಬಲ್ಲ ಗುರುವೊಬ್ಬ ಬಂದಿದ್ದಾನೆಂದು ತಿಳಿದ ಮೇಲೆ ಅವರ ಮನೆಯ ಊಟಕ್ಕೆ ನನಗೆ ಕರೆ ಬರುವುದು ಸಹಜವೇ ಆಗಿತ್ತು. ಊಟ ಮುಗಿದು ಕಾಫಿ ಬರುವ ಹೊತ್ತಿಗೆ, ಆ ಕರೆಯ ಹಿಂದೆ ಒಂದು ಸಂಕಟವೂ ಇದ್ದುದು ನನಗೆ ಅರಿವಾಯಿತು.

ಅವರ ಮಗಳಿಗೆ ಹದಿನಾರು ವರ್ಷ. ಸೆಪ್ಟೆಂಬರ್‌ನಲ್ಲಿ ಹನ್ನೊಂದನೆಯ ತರಗತಿಗೆ ಹೋಗಬೇಕಾದವಳು. ಆ ರಾಜ್ಯದಲ್ಲಿ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ಅರ್ಹ ವಿದ್ಯಾರ್ಥಿಗಳು ತಮ್ಮ ಶಾಲೆಯ ಪಾಠಗಳ ಬದಲಿಗೆ ಕಾಲೇಜಿನ ಪಾಠಗಳನ್ನೇ ಓದಬಹುದು. ಅದರ ಶುಲ್ಕವನ್ನೂ ಪಠ್ಯಪುಸ್ತಕಗಳ ವೆಚ್ಚವನ್ನೂ ಸರ್ಕಾರವೇ ಭರಿಸುತ್ತದೆ. ಪೂರ್ಣಾವಧಿ ಹೀಗೆ ಓದಿದವರು ಪ್ರೌಢಶಾಲೆ ಮುಗಿಸುವ ವೇಳೆಗೆ ಕಾಲೇಜಿನ ಎರಡು ವರ್ಷಗಳನ್ನೂ ಮುಗಿಸಿರಬಲ್ಲರು. ಮಗಳು ಹಾಗೆಯೇ ಮಾಡಬೇಕೆಂಬುದು ತಂದೆಯ ಆಸೆ. ಮಗಳ ಶಾಲೆ, ಗೆಳತಿಯರು, ಗಾಯನವೃಂದ ಎಲ್ಲವೂ ಒಮ್ಮೆಲೇ ಕೈತಪ್ಪುತ್ತವೆ ಎಂಬುದು ತಾಯಿಯ ಅಳುಕು. ಮೇ 30ರೊಳಗೆ ಶಾಲೆಗೆ ತೀರ್ಮಾನ ತಿಳಿಸಬೇಕಿತ್ತು. "ಫಾದರ್, ನೀವೇ ಒಂದು ಮಾತು ಹೇಳಿ" ಎಂದರು ತಂದೆ.

ಇಂತಹ ಸಂದರ್ಭಗಳಲ್ಲಿ ಗುರುಗಳ ಬಾಯಿಗೆ ಸುಲಭವಾಗಿ ಬರುವ ಮಾತೊಂದಿದೆ. ನಾನೂ ಅದನ್ನೇ ಹೇಳಿದೆ. ಪ್ರತಿಯೊಂದಕ್ಕೂ ಒಂದು ಕಾಲವಿದೆ, ಮಕ್ಕಳನ್ನು ಅವಸರಪಡಿಸಬಾರದು, ತಾಳಿದವನು ಬಾಳಿಯಾನು ಎಂದೆಲ್ಲ ವಿವರಿಸಿದೆ. ಮಗಳ ಪರವಾಗಿ ಆತಂಕಪಡುತ್ತಿದ್ದ ತಾಯಿಯೇ ನನ್ನನ್ನು ತಡೆದರು. "ಫಾದರ್, ತಾಳ್ಮೆ ಹಣ ಇದ್ದವರಿಗೆ ಸುಲಭ. ದೊಡ್ಡವನ ಓದಿನ ಸಾಲ ಇನ್ನೂ ತೀರಿಲ್ಲ. ಇವರು ವಾರವೆಲ್ಲ ಉಗ್ರಾಣದಲ್ಲಿ ದುಡಿದು, ಶನಿವಾರ ಭಾನುವಾರ ರಾತ್ರಿ ಇನ್ನೊಂದು ಕಡೆ ಪಾಳಿಗೆ ಹೋಗುತ್ತಾರೆ. ನಿಮ್ಮ ಪ್ರಸಂಗದ ಹೊತ್ತಿನಲ್ಲಿ ಇವರು ತೂಕಡಿಸುವುದನ್ನು ನೀವು ನೋಡಿಲ್ಲವೆ?" ಎಂದರು. ನೋಡಿದ್ದೆ. ಕಾರಣವನ್ನು ಮಾತ್ರ ಕೇಳಿರಲಿಲ್ಲ.

ಅಷ್ಟು ಹೊತ್ತೂ ಸುಮ್ಮನಿದ್ದ ಹುಡುಗಿ ಆಗ ಒಂದು ಪ್ರಶ್ನೆ ಕೇಳಿದಳು: "ಎರಡು ವರ್ಷ ಉಳಿಸಿದರೆ, ಆ ಎರಡು ವರ್ಷ ಯಾರದು?" ಆ ಪ್ರಶ್ನೆಗೆ ಅಂದು ನನ್ನ ಬಳಿ ಉತ್ತರವಿರಲಿಲ್ಲ. ಈ ಲೇಖನ ಅದರ ಉತ್ತರವನ್ನು ಹುಡುಕುವ ಪ್ರಯತ್ನ.

ಈ ವ್ಯವಸ್ಥೆ ಎಂತಹುದು?

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಅಮೆರಿಕದ ಕಾಲೇಜುಗಳಲ್ಲಿ ಓದನ್ನು ಅಳೆಯುವ ಮಾನಕ್ಕೆ ಕ್ರೆಡಿಟ್ ಎಂದು ಹೆಸರು. ವಾರಕ್ಕೆ ಮೂರು ಗಂಟೆಯಂತೆ ಒಂದು ಸೆಮಿಸ್ಟರ್ ನಡೆಯುವ ಪಾಠಕ್ಕೆ ಸಾಮಾನ್ಯವಾಗಿ 3 ಕ್ರೆಡಿಟ್. ಇಂತಹ ಸುಮಾರು 120 ಕ್ರೆಡಿಟ್‌ಗಳು ಸೇರಿದರೆ ನಾಲ್ಕು ವರ್ಷದ ಪದವಿ. ಇವುಗಳಲ್ಲಿ ಒಂದು ಭಾಗವನ್ನು ಪ್ರೌಢಶಾಲೆಯಲ್ಲಿರುವಾಗಲೇ ಗಳಿಸಲು ಎರಡು ಮುಖ್ಯ ದಾರಿಗಳಿವೆ.

ಮೊದಲನೆಯದು ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಎ.ಪಿ. ಪರೀಕ್ಷೆಗಳು. ಶಾಲೆಯಲ್ಲೇ ಕಾಲೇಜು ಮಟ್ಟದ ಪಾಠವನ್ನು ಓದಿ ಮೇ ತಿಂಗಳಲ್ಲಿ ಪರೀಕ್ಷೆ ಬರೆದರೆ 1ರಿಂದ 5ರವರೆಗೆ ಅಂಕ ನೀಡಲಾಗುತ್ತದೆ. ಮೂರೋ ಅದಕ್ಕಿಂತ ಹೆಚ್ಚೋ ಬಂದರೆ ಅನೇಕ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ. ಕೆಲವು ನಾಲ್ಕನ್ನೋ ಐದನ್ನೋ ಕೇಳುತ್ತವೆ. ಇಂದು ಸುಮಾರು 40 ವಿಷಯಗಳಲ್ಲಿ ಈ ಪರೀಕ್ಷೆಗಳಿವೆ. ಒಂದೊಂದಕ್ಕೂ ಸುಮಾರು 100 ಡಾಲರ್ ಶುಲ್ಕ. ಎರಡನೆಯ ದಾರಿ ಡ್ಯುಯಲ್ ಎನ್‌ರೋಲ್‌ಮೆಂಟ್. ವಿದ್ಯಾರ್ಥಿ ಏಕಕಾಲದಲ್ಲಿ ಶಾಲೆಗೂ ಕಾಲೇಜಿಗೂ ಸೇರಿ, ಒಂದೇ ಪಾಠಕ್ಕೆ ಎರಡೂ ಕಡೆ ಮಾನ್ಯತೆ ಪಡೆಯುತ್ತಾನೆ. ಇದನ್ನು ರಾಜ್ಯದಾದ್ಯಂತ ಜಾರಿಗೆ ತಂದವರಲ್ಲಿ ಮಿನ್ನೆಸೋಟಾ ಮೊದಲಿನದು. ಅಲ್ಲಿನ ಕಾನೂನು 1985ರದ್ದು. 2022-23ರಲ್ಲಿ ಆ ದೇಶದ ಸುಮಾರು 25 ಲಕ್ಷ ಪ್ರೌಢಶಾಲಾ ವಿದ್ಯಾರ್ಥಿಗಳು ಒಂದಾದರೂ ಕಾಲೇಜು ಪಾಠವನ್ನು ಹೀಗೆ ಓದಿದ್ದರು.

ಎ.ಪಿ.ಯ ಹುಟ್ಟಿನ ಕಥೆಯೂ ತಿಳಿಯತಕ್ಕದ್ದೇ. 1950ರ ದಶಕದ ಆರಂಭದಲ್ಲಿ ಮೂರು ಹೆಸರಾಂತ ಖಾಸಗಿ ಶಾಲೆಗಳೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳೂ ಕೂಡಿ ಒಂದು ಅಧ್ಯಯನ ನಡೆಸಿದವು. ಶಾಲೆಯ ಕೊನೆಯ ವರ್ಷಗಳಲ್ಲಿ ಕಲಿತದ್ದನ್ನೇ ಕಾಲೇಜಿನ ಮೊದಲ ವರ್ಷಗಳಲ್ಲಿ ಮತ್ತೆ ಕಲಿಸಲಾಗುತ್ತಿದೆ, ಇದರಿಂದ ಚುರುಕಾದ ಮಕ್ಕಳು ಬೇಸರಗೊಳ್ಳುತ್ತಿದ್ದಾರೆ ಎಂಬುದು 1952ರಲ್ಲಿ ಅವರು ಕಂಡುಕೊಂಡ ಸಂಗತಿ. 1955ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಈ ಪರೀಕ್ಷೆಗಳ ಹೊಣೆ ಹೊತ್ತಿತು. ಅದೇ ದಶಕದಲ್ಲಿ, 1959ರಲ್ಲಿ, ಯೇಸುಸಭೆಯವರ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯವೂ ಪ್ರೌಢಶಾಲೆಗಳಲ್ಲಿ ತನ್ನ ಕ್ರೆಡಿಟ್ ಪಾಠಗಳನ್ನು ಆರಂಭಿಸಿತು. ತನ್ನ ಸ್ಥಾಪನೆಯ ವರ್ಷವಾದ 1818ನ್ನೇ ಅದು ಆ ಯೋಜನೆಗೆ ಹೆಸರಾಗಿ ಇಟ್ಟಿದೆ. ಆದುದರಿಂದ ಇದನ್ನು ಲೌಕಿಕರ ಅವಸರವೆಂದು ಮಾತ್ರ ತಳ್ಳಿಹಾಕಲು ಬರುವುದಿಲ್ಲ. ಧರ್ಮಸಭೆಯ ಶಿಕ್ಷಕರೂ ಇದರಲ್ಲಿ ಒಳಿತನ್ನು ಕಂಡಿದ್ದಾರೆ.

ಇದರಲ್ಲಿ ತೊಡಕುಗಳೂ ಇವೆ. ಒಂದು ಕಾಲೇಜು ಕೊಟ್ಟ ಕ್ರೆಡಿಟನ್ನು ಇನ್ನೊಂದು ಕಾಲೇಜು ಒಪ್ಪಲೇಬೇಕೆಂದಿಲ್ಲ. ಎ.ಪಿ. ಅಂಕಗಳಿಗೆ ಇನ್ನು ಕ್ರೆಡಿಟ್ ಕೊಡುವುದಿಲ್ಲವೆಂದು ಡಾರ್ಟ್ಮತ್ ಕಾಲೇಜು 2013ರಲ್ಲಿ ಪ್ರಕಟಿಸಿತು. ವಾಷಿಂಗ್ಟನ್ ನಗರದ ಸುತ್ತಲಿನ ಎಂಟು ಖಾಸಗಿ ಶಾಲೆಗಳು ಎ.ಪಿ. ಪಾಠಗಳನ್ನು ಕೈಬಿಡುವುದಾಗಿ 2018ರಲ್ಲಿ ಸಾರಿದವು. ಪರೀಕ್ಷೆಗಾಗಿ ಓಡುವ ಬದಲು ಆಳವಾಗಿ ಕಲಿಸುವುದು ತಮ್ಮ ಉದ್ದೇಶವೆಂದು ಅವು ಹೇಳಿಕೊಂಡವು. ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ಇನ್ನೂ ಒಂದು ಅಪಾಯವಿದೆ. ಹದಿನಾರನೆಯ ವಯಸ್ಸಿನಲ್ಲಿ ಪಡೆದ ಕೆಟ್ಟ ಅಂಕವೂ ಆ ಹುಡುಗನ ಕಾಲೇಜು ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಕ್ರೆಡಿಟ್ ಎಂದರೆ ನಂಬಿಕೆ

ಗುರುಮಠದಲ್ಲಿ ಲತೀನ್ ಕಲಿತವರಿಗೆ ಕ್ರೆಡಿಟ್ ಎಂಬ ಪದದ ಬೇರು ಕೂಡಲೇ ಹೊಳೆಯುತ್ತದೆ. ಕ್ರೇದೆರೆ ಎಂದರೆ ನಂಬುವುದು. ನಾವು ಭಾನುವಾರಗಳಂದು ಎದ್ದುನಿಂತು ಹೇಳುವ ವಿಶ್ವಾಸ ಪ್ರಮಾಣಕ್ಕೆ ಲತೀನಿನಲ್ಲಿ ಕ್ರೇದೋ ಎಂದು ಹೆಸರು. ಅಂಗಡಿಯವನು ಸಾಲ ಕೊಡುವುದೂ ವಿಶ್ವಾಸ ಪ್ರಮಾಣ ಹೇಳುವುದೂ ಒಂದೇ ಬೇರಿನಿಂದ ಬಂದ ಮಾತುಗಳೆಂಬುದು ಯೋಚಿಸತಕ್ಕ ವಿಷಯ. ಕಾಲೇಜು ಕ್ರೆಡಿಟ್ ಎಂಬುದೂ ಮೂಲತಃ ಒಂದು ನಂಬಿಕೆಯ ಮಾತೇ. ಈ ಮಗು ಕಲಿತಿದೆ, ನಾವು ನಂಬುತ್ತೇವೆ ಎಂದು ಹಿರಿಯರು ಕೊಡುವ ಸಾಕ್ಷ್ಯ ಅದು.

ಇದಕ್ಕೆ ಹೈಮೆ ಎಸ್ಕಲಾಂತೆ ಎಂಬ ಶಿಕ್ಷಕರ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. 1930ರಲ್ಲಿ ಬೊಲಿವಿಯಾ ದೇಶದಲ್ಲಿ ಹುಟ್ಟಿದ ಅವರು ಅಲ್ಲಿಯೇ ಗಣಿತ, ಭೌತಶಾಸ್ತ್ರಗಳನ್ನು ಬೋಧಿಸುತ್ತಿದ್ದವರು. 1960ರ ದಶಕದಲ್ಲಿ ಅಮೆರಿಕಕ್ಕೆ ಬಂದಾಗ ಅವರ ಓದಿಗೂ ಅನುಭವಕ್ಕೂ ಅಲ್ಲಿ ಬೆಲೆ ಸಿಗಲಿಲ್ಲ. ಉಪಾಹಾರಗೃಹದಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಾ ಇಂಗ್ಲಿಷ್ ಕಲಿತು, ಮತ್ತೆ ಮೊದಲಿನಿಂದ ಓದಿ, 1974ರಲ್ಲಿ ಲಾಸ್ ಏಂಜಲೀಸ್ ನಗರದ ಪೂರ್ವಭಾಗದ ಗಾರ್ಫೀಲ್ಡ್ ಪ್ರೌಢಶಾಲೆಯಲ್ಲಿ ಶಿಕ್ಷಕರಾದರು. ಅಲ್ಲಿನ ಮಕ್ಕಳಲ್ಲಿ ಬಹುಪಾಲು ಮೆಕ್ಸಿಕೊ ಮೂಲದ ಬಡ ಕಾರ್ಮಿಕರ ಮಕ್ಕಳು. ಇವರಿಂದ ಉನ್ನತ ಗಣಿತ ಸಾಧ್ಯವೆಂದು ನಂಬಿದವರು ಕೆಲವರೇ. ಎಸ್ಕಲಾಂತೆ ನಂಬಿದರು. ಶಾಲೆ ತೆರೆಯುವ ಮುನ್ನ, ಮುಚ್ಚಿದ ಬಳಿಕ, ರಜೆಯ ದಿನಗಳಲ್ಲಿ ಪಾಠ ಮಾಡಿದರು.

1982ರಲ್ಲಿ ಅವರ 18 ವಿದ್ಯಾರ್ಥಿಗಳು ಎ.ಪಿ. ಕ್ಯಾಲ್ಕುಲಸ್ ಪರೀಕ್ಷೆ ಬರೆದು ಎಲ್ಲರೂ ಉತ್ತೀರ್ಣರಾದರು. ಆದರೆ ಪರೀಕ್ಷೆ ನಡೆಸಿದ ಸಂಸ್ಥೆ ಉತ್ತರಗಳಲ್ಲಿನ ಹೋಲಿಕೆ ಕಂಡು 14 ಮಂದಿಯನ್ನು ಸಂಶಯಿಸಿತು. ಅವರಲ್ಲಿ 12 ಮಂದಿ ಮತ್ತೊಮ್ಮೆ, ಹೊಸ ಪ್ರಶ್ನೆಪತ್ರಿಕೆಗೆ ಉತ್ತರ ಬರೆದರು. ಹನ್ನೆರಡೂ ಮಂದಿ ಮತ್ತೆ ಉತ್ತೀರ್ಣರಾದರು. 1988ರಲ್ಲಿ ಈ ಘಟನೆ ಚಲನಚಿತ್ರವಾಗಿಯೂ ಜಗತ್ತಿಗೆ ಪರಿಚಯವಾಯಿತು.

ಈ ಕಥೆಯಲ್ಲಿ ಎರಡು ಬಗೆಯ ಕ್ರೆಡಿಟ್‌ಗಳಿವೆ. ಒಂದು, ಪರೀಕ್ಷೆಯ ಬಳಿಕ ಸಂಸ್ಥೆ ಕೊಟ್ಟದ್ದು. ಅದಕ್ಕೆ ಪುರಾವೆ ಬೇಕು, ಸಂಶಯ ಬಂದರೆ ಅದು ತಡೆಹಿಡಿಯಲ್ಪಡುತ್ತದೆ. ಇನ್ನೊಂದು, ಪರೀಕ್ಷೆಗೆ ಎಷ್ಟೋ ಮೊದಲೇ ಗುರು ಶಿಷ್ಯರಿಗೆ ಕೊಟ್ಟದ್ದು. ಅದಕ್ಕೆ ಯಾವ ಪುರಾವೆಯೂ ಇರಲಿಲ್ಲ. ಎರಡನೆಯದಿಲ್ಲದೆ ಮೊದಲನೆಯದು ಹುಟ್ಟುತ್ತಲೇ ಇರಲಿಲ್ಲ. ಮಗುವನ್ನು ನಂಬಿ ಕಲಿಸುವುದು ಬೇರೆ, ಕಲಿತು ತೋರಿಸಿದರೆ ಮಾತ್ರ ನಂಬುತ್ತೇನೆ ಎನ್ನುವುದು ಬೇರೆ. ನಮ್ಮ ಮನೆಗಳಲ್ಲಿ ಯಾವುದು ನಡೆಯುತ್ತಿದೆ ಎಂದು ಪ್ರತಿಯೊಬ್ಬ ತಂದೆತಾಯಿಯೂ ಕೇಳಿಕೊಳ್ಳಬೇಕು. ಅಂಕಪಟ್ಟಿ ಕೈಗೆ ಬರುವವರೆಗೆ ಮಗುವಿಗೆ ನಮ್ಮ ಮುಖದ ನಗು ಸಿಗುವುದಿಲ್ಲವಾದರೆ, ನಾವು ಪ್ರೀತಿಯನ್ನೂ ಕ್ರೆಡಿಟ್ ಲೆಕ್ಕದಲ್ಲಿ ಕೊಡುತ್ತಿದ್ದೇವೆ ಎಂದರ್ಥ.

ನಜರೇತಿನ ಹದಿನೆಂಟು ವರ್ಷ

ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷದ ಬಾಲಯೇಸುವಿನ ಪ್ರಸಂಗವಿದೆ. ಜೆರುಸಲೇಮಿನ ಮಹಾದೇವಾಲಯದಲ್ಲಿ ಧರ್ಮಪಂಡಿತರ ನಡುವೆ ಕುಳಿತು ಆತ ಅವರ ಮಾತನ್ನು ಆಲಿಸುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ಆತನ ತಿಳಿವಳಿಕೆ ಕಂಡು ಎಲ್ಲರೂ ಬೆರಗಾದರು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಆ ಬಾಲಕ ಹನ್ನೆರಡನೆಯ ವಯಸ್ಸಿನಲ್ಲೇ ಉನ್ನತ ಪಾಠಕ್ಕೆ ಅರ್ಹನೆಂದು ಪಂಡಿತರೇ ಒಪ್ಪಿದಂತಾಯಿತು. ಬೆಳೆಯುವ ಪೈರು ಮೊಳಕೆಯಲ್ಲೇ ಕಾಣುತ್ತದೆ ಎನ್ನುತ್ತೇವಲ್ಲ, ಹಾಗೆ.

ಮುಂದೆ ನಡೆದದ್ದು ನಾವು ನಿರೀಕ್ಷಿಸುವಂಥದ್ದಲ್ಲ. ಯೇಸು ಜೆರುಸಲೇಮಿನಲ್ಲಿ ಉಳಿಯಲಿಲ್ಲ. ಮರಿಯಮ್ಮನವರ, ಜೋಸೆಫರ ಜೊತೆ ನಜರೇತಿಗೆ ಹಿಂದಿರುಗಿ ಅವರಿಗೆ ವಿಧೇಯರಾಗಿ ಬಾಳಿದರು. ಅವರು ತಮ್ಮ ಬಹಿರಂಗ ಸೇವೆಯನ್ನು ಆರಂಭಿಸಿದಾಗ ಅವರಿಗೆ ಸುಮಾರು ಮೂವತ್ತು ವರ್ಷವೆಂದು ಲೂಕರೇ ಮುಂದಿನ ಅಧ್ಯಾಯದಲ್ಲಿ ತಿಳಿಸುತ್ತಾರೆ. ಅಂದರೆ ಸುಮಾರು ಹದಿನೆಂಟು ವರ್ಷಗಳ ಬಗ್ಗೆ ಶುಭಸಂದೇಶ ಹೇಳುವುದು ಒಂದೆರಡು ಸಾಲು ಮಾತ್ರ. ಲೋಕವನ್ನು ಉದ್ಧರಿಸಲು ಬಂದವರಿಗೆ ಸಮಯದ ಅಭಾವವಿರಲಿಲ್ಲವೆ? ಅವರ ಮುಂದೆ ಉಳಿದಿದ್ದದ್ದು ಕೆಲವೇ ವರ್ಷಗಳು. ಆದರೂ ಬಡಗಿಯ ಕೆಲಸದಲ್ಲಿ, ನೆರೆಹೊರೆಯಲ್ಲಿ, ಸಭಾಮಂದಿರದಲ್ಲಿ ಕಳೆದ ಆ ವರ್ಷಗಳನ್ನು ದೇವರು ವ್ಯರ್ಥವೆಂದು ಎಣಿಸಲಿಲ್ಲ. ಬಿತ್ತುವವನನ್ನು, ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸನ್ನು, ಕೂಲಿಗಾಗಿ ಸಂತೆಯಲ್ಲಿ ಕಾದು ನಿಂತವರನ್ನು ಅವರು ಕಂಡದ್ದು ಅಂತಹ ದಿನಗಳಲ್ಲೇ ಅಲ್ಲವೆ? ಪಂಡಿತರನ್ನು ಬೆರಗುಗೊಳಿಸಿದ ಬಾಲಕ ಬಡವರಿಗೆ ಅರ್ಥವಾಗುವಂತೆ ಮಾತನಾಡುವ ಗುರುವಾದದ್ದು ನಜರೇತಿನಲ್ಲಿ.

ಹಾಗೆಂದು ಬೇಗ ಹೋಗುವುದೆಲ್ಲ ತಪ್ಪೆಂಬ ತೀರ್ಮಾನಕ್ಕೂ ಬರಲಾಗದು. ಲಿಸ್ಯುವಿನ ಸಂತ ತೆರೇಸಮ್ಮನವರು ಹದಿನೈದನೆಯ ವಯಸ್ಸಿಗೇ ಕಾರ್ಮೆಲ್ ಮಠ ಸೇರಲು ಹಂಬಲಿಸಿದರು. ಹಿರಿಯರು ತಡೆದಾಗ, 1887ರ ನವೆಂಬರ್‌ನಲ್ಲಿ ರೋಮಿಗೆ ಹೋಗಿ ಜಗದ್ಗುರು ಹದಿಮೂರನೆಯ ಲಿಯೋರವರನ್ನೇ ಬೇಡಿಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ, ಹದಿನೈದು ತುಂಬಿದ ಕೆಲವೇ ತಿಂಗಳಲ್ಲಿ, ಅವರು ಮಠ ಸೇರಿದರು. ಅವರದೂ ಅವಸರವೇ. ಆದರೆ ಯಾರನ್ನೂ ಹಿಂದೆ ಹಾಕುವ ಅವಸರವಲ್ಲ, ಪ್ರೀತಿಸಿದವರ ಬಳಿಗೆ ಹೋಗುವ ಅವಸರ. ಹಸಿದವನು ಬೇಗ ಉಣ್ಣಲು ಬಯಸುವುದಕ್ಕೂ, ಪಂಕ್ತಿಯಲ್ಲಿ ತನಗೆ ಸಿಗದೇ ಹೋದೀತೆಂದು ಹೆದರಿದವನು ಎಲೆಯ ತುಂಬ ಬಡಿಸಿಕೊಳ್ಳುವುದಕ್ಕೂ ಇರುವ ಅಂತರವೇ ಇಲ್ಲಿನದು.

ನಮ್ಮ ಗುರುಮಠಗಳಲ್ಲೂ ಈ ಪ್ರಶ್ನೆ ಹೊಸದಲ್ಲ. ಗುರುದೀಕ್ಷೆಗೆ ಇಪ್ಪತ್ತೈದು ವರ್ಷ ತುಂಬಿರಬೇಕು, ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳ ವ್ಯಾಸಂಗ ಒಟ್ಟು ಆರು ವರ್ಷವಾದರೂ ನಡೆಯಬೇಕು, ಉಪಯಾಜಕ ದೀಕ್ಷೆಗೂ ಗುರುದೀಕ್ಷೆಗೂ ನಡುವೆ ಆರು ತಿಂಗಳಾದರೂ ಅಂತರವಿರಬೇಕು ಎಂದು ಧರ್ಮಸಭೆಯ ಕಾನೂನು ವಿಧಿಸುತ್ತದೆ. ಎಷ್ಟೇ ಬುದ್ಧಿವಂತನಾಗಿರಲಿ, ಆ ತಿಂಗಳುಗಳನ್ನು ಪರೀಕ್ಷೆ ಬರೆದು ತಪ್ಪಿಸಿಕೊಳ್ಳುವ ವಿದ್ಯಾರ್ಥಿ ಇಲ್ಲ. ನಾನು ಗುರುಮಠ ಸೇರುವ ಮೊದಲೇ ಪದವಿ ಮುಗಿಸಿದ್ದೆ. ಹಳ್ಳಿಯ ಧರ್ಮಕೇಂದ್ರದಲ್ಲಿ ಕಳೆಯಬೇಕಾದ ಅನುಭವದ ವರ್ಷದಿಂದ ನನಗೆ ವಿನಾಯಿತಿ ಕೊಟ್ಟರೆ ಒಂದು ವರ್ಷ ಮೊದಲೇ ಗುರುವಾಗಬಹುದೆಂದು ನಮ್ಮ ಮುಖ್ಯಸ್ಥರಲ್ಲಿ ವಿನಂತಿಸಿಕೊಂಡೆ. ಅವರು ಸೌಮ್ಯವಾಗಿ ನಿರಾಕರಿಸಿದರು. ಆ ವರ್ಷ ನಾನು ಒಬ್ಬ ಮುದುಕನ ಸಾವಿನ ಹಾಸಿಗೆಯ ಬಳಿ ಮೂರು ರಾತ್ರಿ ಕುಳಿತಿದ್ದೆ. ಸಾಯುವವರ ಬಳಿ ಮಾತಿಗಿಂತ ಇರುವಿಕೆ ಹೆಚ್ಚೆಂಬುದನ್ನು ಅಲ್ಲಿ ಕಲಿತೆ. ಅದಕ್ಕೆ ಯಾವ ಕ್ರೆಡಿಟೂ ಇರಲಿಲ್ಲ. ಮೂವತ್ತು ವರ್ಷಗಳ ಬಳಿಕವೂ ನಾನು ಪ್ರತಿ ವಾರ ಬಳಸುವ ಪಾಠ ಅದೇ.

ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಆ ಕುಟುಂಬದ ಊಟದ ಮೇಜಿನ ಬಳಿ ನಾನು ಮಾಡಿದ ತಪ್ಪು ಈಗ ನನಗೆ ಸ್ಪಷ್ಟವಾಗಿದೆ. ಬೇಗ ಅಥವಾ ನಿಧಾನ ಎಂಬ ಎರಡರಲ್ಲಿ ಒಂದನ್ನು ಆರಿಸಿ ಅದಕ್ಕೆ ಪುಣ್ಯದ ಹೆಸರು ಕೊಟ್ಟೆ. ಆದರೆ ವೇಗಕ್ಕೆ ತನ್ನದೇ ಆದ ನೀತಿಯಿಲ್ಲ. ಅದರ ಹಿಂದಿನ ಕಾರಣಕ್ಕೆ ಮತ್ತು ಮುಂದಿನ ಗುರಿಗೆ ಮಾತ್ರ ನೀತಿಯಿದೆ. ಆದ್ದರಿಂದ ಮಕ್ಕಳ ಓದಿನಲ್ಲಿ ಮುಂದೆ ಓಡುವ ಅವಕಾಶ ಬಂದಾಗ ಕುಟುಂಬವೊಂದು ಕೂಡಿ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲನೆಯದು: ಈ ಓಟದ ಹಿಂದೆ ಇರುವುದು ಹಸಿವೋ, ಭಯವೋ? ಶಾಲೆಯ ಗಣಿತ ಮುಗಿಸಿ ಇನ್ನೂ ಬೇಕೆಂದು ಚಡಪಡಿಸುವ ಮಗುವನ್ನು ಅದೇ ಪಾಠದಲ್ಲಿ ಮತ್ತೆರಡು ವರ್ಷ ಕೂಡಿಹಾಕುವುದು ನ್ಯಾಯವಲ್ಲ. ಅಂತಹ ಮಗುವಿಗೆ ಬಾಗಿಲು ತೆರೆಯುವುದು ಪ್ರತಿಭೆ ಕೊಟ್ಟ ದೇವರಿಗೆ ಸಲ್ಲಿಸುವ ಗೌರವ. ಆದರೆ ಪಕ್ಕದ ಮನೆಯ ಹುಡುಗ ಆರು ಎ.ಪಿ. ಬರೆಯುತ್ತಿದ್ದಾನೆ ಎಂಬ ಕಾರಣಕ್ಕೆ ನಮ್ಮವನು ಏಳು ಬರೆಯಬೇಕೆಂದರೆ, ಕಲಿಯುತ್ತಿರುವುದು ಹುಡುಗನಲ್ಲ, ನಮ್ಮ ಭಯ.

ಎರಡನೆಯದು: ಇದಕ್ಕೆ ಬೆಲೆ ತೆರುತ್ತಿರುವವರು ಯಾರು? ಮಗುವಿನ ನಿದ್ದೆಯೇ? ಮನೆಯ ಸಂಜೆಯ ಜಪಸರವೇ? ಭಾನುವಾರವೇ? ಈ ಭಾನುವಾರ ಎರಡು ಬಲಿಪೂಜೆಗಳಲ್ಲಿ ಭಾಗವಹಿಸಿ ಮುಂದಿನ ಭಾನುವಾರದ್ದನ್ನು ಮುಂಗಡವಾಗಿ ಮುಗಿಸಲು ಬರುವುದಿಲ್ಲ. ಅಜ್ಜಿಯ ಜೊತೆಗಿನ ಮಾತನ್ನು, ಗೆಳೆತನವನ್ನು, ಮಗುವಿನ ಹದಿನಾರನೆಯ ವರ್ಷವನ್ನು ಕೂಡ ಹಾಗೆಯೇ. ಇವು ಒಂದು ದಾಖಲೆಯಿಂದ ಇನ್ನೊಂದಕ್ಕೆ ವರ್ಗವಾಗುವ ವಸ್ತುಗಳಲ್ಲ. ಶಿಕ್ಷಣದ ಗುರಿ ಇಡೀ ವ್ಯಕ್ತಿಯ ರೂಪಣೆ, ತಂದೆತಾಯಿಯರೇ ಮಕ್ಕಳ ಪ್ರಥಮ ಹಾಗೂ ಪ್ರಧಾನ ಶಿಕ್ಷಕರು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ತನ್ನ ಶಿಕ್ಷಣ ಘೋಷಣೆಯಲ್ಲಿ ಬೋಧಿಸಿದೆ. ಕಾಲೇಜು ಬೇಗ ಮುಗಿಸುವ ಭರದಲ್ಲಿ ಮಗು ಆ ಪ್ರಥಮ ಶಾಲೆಯನ್ನೇ ಬೇಗ ಬಿಟ್ಟುಹೋಗಬಾರದು.

ಮೂರನೆಯದು ಆ ಹುಡುಗಿ ಕೇಳಿದ್ದು: ಉಳಿಸಿದ ಸಮಯ ಯಾರದು? ತಲಾಂತುಗಳ ಸಾಮತಿಯಲ್ಲಿ ಸೇವಕರು ಗಳಿಸಿದ್ದು ತಮಗಾಗಿ ಅಲ್ಲ, ಒಡೆಯನಿಗಾಗಿ. ಎರಡು ವರ್ಷ ಉಳಿಸಿ ಅವನ್ನು ಮತ್ತೊಂದು ಓಟಕ್ಕೇ ಸುರಿಯುವುದಾದರೆ ಉಳಿದದ್ದೇನು? ಆ ವರ್ಷಗಳಿಂದ ಒಬ್ಬರ ಹೊರೆ ಇಳಿದರೆ, ಒಂದು ಸೇವೆಗೆ ದಾರಿಯಾದರೆ, ಆಗ ಅದು ನಿಜವಾದ ಉಳಿತಾಯ.

ಇದು ಅಮೆರಿಕದವರ ಪ್ರಶ್ನೆ ಮಾತ್ರವೆಂದು ಓದುಗರು ಭಾವಿಸಬಾರದು. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು, ಮೊಮ್ಮಕ್ಕಳು ಪ್ರತಿ ವಸಂತದಲ್ಲೂ ಇದನ್ನು ಎದುರಿಸುತ್ತಿದ್ದಾರೆ; ಅವರು ಫೋನಿನಲ್ಲಿ ಕೇಳುವ ಸಲಹೆಗೆ ಇಲ್ಲಿನ ಹಿರಿಯರು ಉತ್ತರಿಸಬೇಕಾಗುತ್ತದೆ. ನಮ್ಮಲ್ಲೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಕಾಲೇಜುಗಳಲ್ಲಿ ಕ್ರೆಡಿಟ್‌ಗಳನ್ನು ಬ್ಯಾಂಕಿನಂತೆ ಕೂಡಿಡುವ ವ್ಯವಸ್ಥೆ ಬಂದಿದೆ. ಪಿ.ಯು.ಸಿ. ಮುಗಿದ ಮೇಲಿನ ಪ್ರವೇಶ ಪರೀಕ್ಷೆಗೆಂದು ಎಂಟನೆಯ ತರಗತಿಯ ಮಗುವನ್ನು ಕೋಚಿಂಗ್‌ಗೆ ಸೇರಿಸುವವರೂ ಇದ್ದಾರೆ. ಹೆಸರು ಬೇರೆಯಾದರೂ ನಾಳೆಯ ಪಾಠವನ್ನು ಇಂದೇ ಮುಗಿಸುವ ಆಸೆ ಒಂದೇ. ಕಾಫಿ ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಂಪಗಾದ ಹಣ್ಣನ್ನು ಗಿಡದಲ್ಲೇ ಬಿಟ್ಟರೆ ಉದುರಿ ಹಾಳಾಗುತ್ತದೆ. ಹಸಿರು ಕಾಯಿಯನ್ನು ಕಿತ್ತರೆ ರುಚಿ ಕೆಡುತ್ತದೆ. ಒಂದೇ ಗಿಡದಲ್ಲಿ ಎರಡೂ ಇರುತ್ತವೆ. ನೋಡಿ ಬಿಡಿಸುವ ಕೈ ಬೇಕು.

ಆ ಮನೆಯ ತೀರ್ಮಾನ

ಮೇ ತಿಂಗಳ ಕೊನೆಯ ವಾರ ಆ ಕುಟುಂಬ ಮತ್ತೆ ನನ್ನನ್ನು ಕಂಡಿತು. ಅವರೇ ಒಂದು ನಿರ್ಧಾರಕ್ಕೆ ಬಂದಿದ್ದರು. ಹುಡುಗಿ ಶಾಲೆಯನ್ನು ಬಿಡುವುದಿಲ್ಲ. ಪ್ರತಿ ಸೆಮಿಸ್ಟರ್‌ನಲ್ಲಿ ಎರಡು ಪಾಠಗಳನ್ನು ಮಾತ್ರ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಓದುತ್ತಾಳೆ. ಅವಳು ಆರಿಸಿದ್ದು ತನಗೆ ಇಷ್ಟವಾದ ಜೀವಶಾಸ್ತ್ರವನ್ನು ಮತ್ತು ಎಲ್ಲರೂ ಓದಲೇಬೇಕಾದ ಇಂಗ್ಲಿಷ್ ಬರವಣಿಗೆಯ ಪಾಠವನ್ನು.

ಆ ವರ್ಷದ ಕ್ರಿಸ್ಮಸ್ ಹಬ್ಬಕ್ಕೆ ತಾಯಿ ಬರೆದ ಪತ್ರ ಬಂತು. ಮಗಳಿಗೆ ಜೀವಶಾಸ್ತ್ರದಲ್ಲಿ ಒಳ್ಳೆಯ ಶ್ರೇಣಿ, ಇಂಗ್ಲಿಷಿನಲ್ಲಿ ಸಿ. ಅದು ಅಳಿಸಲಾಗದ ದಾಖಲೆಯೆಂದು ಅವಳು ರಾತ್ರಿಯಿಡೀ ಅತ್ತಿದ್ದಳಂತೆ. ಬೆಳಗಿನ ಜಾವ ಪಾಳಿ ಮುಗಿಸಿ ಬಂದ ತಂದೆ ಅಂಕದ ಬಗ್ಗೆ ಒಂದು ಮಾತನ್ನೂ ಆಡದೆ ಅವಳಿಗೆ ಕಾಫಿ ಮಾಡಿ ಕೊಟ್ಟು, ಎದುರಿಗೆ ಕುಳಿತು, ತಾನು ಎಸ್.ಎಸ್.ಎಲ್.ಸಿ.ಯಲ್ಲಿ ಒಮ್ಮೆ ಅನುತ್ತೀರ್ಣನಾದ ಕಥೆಯನ್ನು ಮೊದಲ ಬಾರಿಗೆ ಹೇಳಿದರಂತೆ. ಆ ಪತ್ರವನ್ನು ಓದಿದಾಗ, ಆ ಬೆಳಗಿನ ಜಾವ ಆ ಅಡುಗೆಮನೆಯಲ್ಲಿ ಕೊಟ್ಟ ಕ್ರೆಡಿಟ್ ಯಾವ ಕಾಲೇಜೂ ಕೊಡಲಾರದ್ದೆಂದು ನನಗೆ ಅನಿಸಿತು.

2025ರಲ್ಲಿ ಅವಳು ಪ್ರೌಢಶಾಲೆ ಮುಗಿಸಿದಾಗ ಕಾಲೇಜಿನ ಸುಮಾರು ಒಂದು ವರ್ಷದಷ್ಟು ಕ್ರೆಡಿಟ್‌ಗಳು ಅವಳ ಬಳಿ ಇದ್ದವು. ಸೇರಲಿರುವ ಕಾಲೇಜು ಅವುಗಳಲ್ಲಿ ಹೆಚ್ಚಿನವನ್ನು ಒಪ್ಪಿಕೊಂಡಿತು. ಫೋನಿನಲ್ಲಿ ಅಭಿನಂದಿಸುತ್ತಾ ನಾನು ಅವಳ ಹಳೆಯ ಪ್ರಶ್ನೆಯನ್ನು ನೆನಪಿಸಿದೆ. ಎರಡಲ್ಲ, ಒಂದೇ ವರ್ಷ ಉಳಿಯಿತಲ್ಲ, ಅದು ಯಾರದು ಎಂದೆ. ಅವಳು ತಡಮಾಡದೆ ಉತ್ತರಿಸಿದಳು: "ಅಪ್ಪನದು, ಫಾದರ್. ಅಪ್ಪ ಶನಿವಾರ ಭಾನುವಾರದ ಪಾಳಿ ಬಿಟ್ಟಿದ್ದಾರೆ. ಈಗ ಪೂಜೆಯಲ್ಲಿ ತೂಕಡಿಸುವುದಿಲ್ಲ."

ಮಗಳು ಮುಂಗಡವಾಗಿ ಗಳಿಸಿದ ಒಂದು ವರ್ಷ ತಂದೆಗೆ ಭಾನುವಾರಗಳಾಗಿ ಹಿಂದಿರುಗಿತು. ಸಮಯವನ್ನು ನಾವು ಉಳಿಸಬಲ್ಲೆವೋ ಇಲ್ಲವೋ, ಕೊಡಬಲ್ಲೆವು ಎಂಬುದನ್ನು ಆ ಹುಡುಗಿ ತೋರಿಸಿಕೊಟ್ಟಳು. ದೇವರು ನಮಗೆ ಸಮಯವನ್ನು ಕೊಟ್ಟದ್ದು ಕೂಡ ಹಾಗೆಯೇ, ನಮ್ಮಿಂದ ಯಾವ ಅಂಕಪಟ್ಟಿಯನ್ನೂ ಕೇಳದೆ, ನಮ್ಮನ್ನು ನಂಬಿ. ನಮ್ಮ ಮಕ್ಕಳು ಬೇಗ ಕಲಿಯಲಿ, ನಿಧಾನವಾಗಿ ಕಲಿಯಲಿ, ಅವರಿಗೆ ನಮ್ಮಿಂದ ಆ ನಂಬಿಕೆ ಮೊದಲೇ ದೊರೆಯುವಂತಾಗಲಿ. ನಜರೇತಿನ ಪವಿತ್ರ ಕುಟುಂಬ ನಮ್ಮೆಲ್ಲರ ಕುಟುಂಬಗಳಿಗೆ ಆ ವರಪ್ರಸಾದವನ್ನು ದೊರಕಿಸಿಕೊಡಲಿ.